ತಕ್ಕಡಿಯಿಲ್ಲದ ಅಂಗಡಿ

ಆ ಕ್ಯಾಮೆರಾ ಗಾಜಿನ ಪೆಟ್ಟಿಗೆಯೊಳಗೆ ಓಣಿಗೆ ಮುಖ ಮಾಡಿ ಕೂತಿತ್ತು. ಅದರ ಕಂದು ಚರ್ಮದ ಕವಚ ಅರ್ಧ ತೆರೆದು ಕೆಳಗೆ ಜೋತುಬಿದ್ದಿತ್ತು. ಸಂಜೆಯ ಬಿಸಿಲು ಎದುರು ಸಾಲಿನ ಹೆಂಚುಗಳನ್ನು ದಾಟಿ ಬಂದಾಗ ಇಡೀ ಓಣಿ ಅದರ ಮಸೂರದಲ್ಲಿ ಕಡಲೆಕಾಳಿನಷ್ಟಾಗಿ ಕಾಣುತ್ತಿತ್ತು. ಅದನ್ನು ಮೊದಲ ಸಲ ಬಗ್ಗಿ ನೋಡಿದಾಗ ಒಳಗಿನಿಂದ ಒಂದು ಹೆಂಗಸಿನ ದನಿ, "ಗಾಜಿಗೆ ಮೂಗು ಒತ್ತಬೇಡ್ರೀ, ಈಗಷ್ಟೇ ಒರೆಸಿದೀನಿ" ಎಂದಿತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಬೈಸಿಕೊಂಡು ಸಂತೋಷಪಟ್ಟವನ ಕತೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾನು ಆ ಊರಿಗೆ ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರಾಗಿ ಹೋಗಿದ್ದೆ. ಅಂಗಡಿ ಅಂಗಡಿಗೆ ಹೋಗಿ ತಕ್ಕಡಿ ಪರೀಕ್ಷಿಸುವುದು, ಸರಿಯಿದ್ದ ತೂಕದ ಬಟ್ಟುಗಳಿಗೆ ಮುದ್ರೆ ಒತ್ತುವುದು, ಸವೆದವನ್ನೂ ಕೊರೆದವನ್ನೂ ಜಪ್ತಿ ಮಾಡುವುದು ನನ್ನ ಕೆಲಸ. ಪೇಟೆಯಲ್ಲಿ ನಾನು ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಕೂತವರು ಎದ್ದು ನಿಲ್ಲುತ್ತಿದ್ದರು. ಅರ್ಧ ಕಿಲೋ ಟೊಮೇಟೊ ಕೇಳಿದರೆ ಚೀಲಕ್ಕೆ ಒಂದು ಕಿಲೋ ಬೀಳುತ್ತಿತ್ತು. ಎಷ್ಟಾಯಿತು ಎಂದರೆ, "ಕೊಡಿ ಸಾರ್ ಎಷ್ಟಾದ್ರೂ, ನಿಮ್ಮ ಹತ್ರ ಏನು ಲೆಕ್ಕ" ಎನ್ನುತ್ತಿದ್ದರು. ಊರಿಗೆಲ್ಲ ನ್ಯಾಯವಾದ ತೂಕ ಸಿಗಲಿ ಎಂದು ಸಂಬಳ ಎಣಿಸುವ ನನಗೇ ಯಾವ ಪದಾರ್ಥದ ನಿಜವಾದ ಬೆಲೆಯೂ ತಿಳಿಯುತ್ತಿರಲಿಲ್ಲ. ಸುಳ್ಳು ಬೆಲೆ ತೆರುವವನಿಗೆ ಸ್ನೇಹಿತರೂ ಇರುವುದಿಲ್ಲ. ಮದುವೆಯಾಗಿರಲಿಲ್ಲ, ಮಹಡಿಯ ಮೇಲೆ ಒಂದು ಕೋಣೆ, ಒಂದು ಸ್ಟೋವು. ಭಾನುವಾರಗಳು ಬಹಳ ಉದ್ದವಾಗಿದ್ದವು.

ಬಸ್ ನಿಲ್ದಾಣದ ಹಿಂದಿನ ಆ ಓಣಿಯಲ್ಲಿ ಒಬ್ಬ ದರ್ಜಿ, ಒಬ್ಬ ಕೊಡೆ ರಿಪೇರಿಯವನು, ಮತ್ತು ಸರ್ವಮಂಗಳಮ್ಮನ ಫೋಟೋ ಸ್ಟುಡಿಯೋ ಇದ್ದವು. ತಕ್ಕಡಿಯ ಸುಳಿವೇ ಇಲ್ಲದ ಓಣಿ. ಅಲ್ಲಿ ನನ್ನ ಗುರುತು ಯಾರಿಗೂ ಇರಲಿಲ್ಲ.

ಸರ್ವಮಂಗಳಮ್ಮನಿಗೆ ಐವತ್ತೈದರ ಮೇಲಾಗಿತ್ತು. ಗಂಡ ತೀರಿಕೊಂಡ ಮೇಲೆ ಸ್ಟುಡಿಯೋವನ್ನು ತಾವೇ ನಡೆಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಸುತ್ತಲಿನ ಮದುವೆಗಳಿಗೆಲ್ಲ ಹೋಗಿ ಫೋಟೋ ತೆಗೆದವರು. ಈಗ ಮಂಡಿ ನೋವು. ಮದುವೆಗಳನ್ನು ಬಿಟ್ಟು, ಕೂತಲ್ಲೇ ಪಾಸ್‌ಪೋರ್ಟ್ ಅಳತೆಯ ಫೋಟೋಗಳನ್ನಷ್ಟೇ ತೆಗೆಯುತ್ತಿದ್ದರು. ಹಾಗಾಗಿ ಹಳೆಯ ಕ್ಯಾಮೆರಾ ಮಾರಾಟಕ್ಕಿತ್ತು.

"ಎಷ್ಟು?" ಎಂದೆ.

"ಮೂರು ಸಾವಿರ."

"ಒಂದೂವರೆ ಕೊಡ್ತೀನಿ."

"ಒಂದೂವರೆಗೆ ಆ ಕವಚ ಬಿಚ್ಚಿಕೊಡ್ತೀನಿ, ಅದರಲ್ಲಿ ನಿಮ್ಮ ಕನ್ನಡಕ ಇಟ್ಕೊಳ್ಳಿ. ಕಾಸಿಗೆ ತಕ್ಕ ಕಜ್ಜಾಯ ಕಣ್ರೀ."

ಆಮೇಲೆ ಪ್ರತಿ ಭಾನುವಾರ ಹೋದೆ. ಆಕೆ ಕ್ಯಾಮೆರಾ ಕೈಗೆ ಕೊಡುತ್ತಿದ್ದರು, ನಾನು ದೋಷ ಹುಡುಕುತ್ತಿದ್ದೆ. ಮಸೂರವನ್ನು ಬೆಳಕಿಗೆ ಹಿಡಿದು, ಅಂಚಿನಲ್ಲಿ ಜೇಡರ ಎಳೆಯಂಥ ಬೂಸ್ಟು ತೋರಿಸಿದೆ. "ಅಂಚಿನಲ್ಲಿದ್ರೆ ಏನಂತೆ, ಅಂಚಿನಲ್ಲಿ ನಿಲ್ಲೋರು ಮದುವೆಗೆ ಕರೆಯದೆ ಬಂದೋರು" ಎಂದರು. ಇನ್ನೊಂದು ವಾರ ಕ್ಯಾಮೆರಾವನ್ನು ಕಿವಿಯ ಹತ್ತಿರ ಹಿಡಿದು ಶಟರು ಒತ್ತಿದೆ. ಒಂದು ಸೆಕೆಂಡಿಗೆ ಮುಚ್ಚಬೇಕಾದದ್ದು ಎಳೆದಾಡಿ ಮುಚ್ಚಿತು. ಅಳತೆ ತಪ್ಪಿದರೆ ನನ್ನ ಕಿವಿ ನಿಮಿರುತ್ತದೆ, ಅದು ಹುಟ್ಟುಗುಣವೋ ನೌಕರಿಯ ಗುಣವೋ ತಿಳಿಯದು.

"ಇದರ ಒಂದು ಸೆಕೆಂಡು ಒಂದು ಸೆಕೆಂಡಲ್ಲ" ಎಂದೆ.

"ಅಯ್ಯೋ, ನೀವೇನು ಗಡಿಯಾರ ಮಾರೋರಾ? ಏನು ಕೆಲಸ ನಿಮ್ದು?"

"ಸರ್ಕಾರಿ ಕೆಲಸ."

"ತಿಂಗಳು ತಿಂಗಳು ಸಂಬಳ ಬರೋರು ಹಿಂಗೆ ಜಿಪುಣತನ ಮಾಡಿದ್ರೆ ನಾವೇನು ಮಣ್ಣು ತಿನ್ನೋಣ್ವಾ?"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ನಾವು ಜಗ್ಗಾಡಿದೆವು. ಮಧ್ಯೆ ಚಹಾ ಬರುತ್ತಿತ್ತು. ನನ್ನ ಪಾಲಿನ ಚಹಾದ ಕಾಸನ್ನು ಆಕೆ ಕೈಚಾಚಿ ವಸೂಲು ಮಾಡುತ್ತಿದ್ದರು. ಒಮ್ಮೆ, "ಅದಿರ್ಲಿ, ತಗೊಂಡ್ಹೋಗಿ ಯಾರ ಫೋಟೋ ತೆಗೀತೀರಿ?" ಎಂದು ಕೇಳಿದರು. ನಾನು ಮಸೂರ ಒರೆಸತೊಡಗಿದೆ. ಆಕೆ ನನ್ನ ಮುಖವನ್ನೊಮ್ಮೆ ನೋಡಿ, ಬೆಲೆಯಲ್ಲಿ ಇನ್ನೂರು ಇಳಿಸಿದರು. ನಾನು ನೂರು ಏರಿಸಿದೆ. ಅಂದು ಹೊರಡುವಾಗ ಗಾಜಿನ ಪೆಟ್ಟಿಗೆಗೆ ಮರಳಿದ ಕ್ಯಾಮೆರಾವನ್ನು ನೋಡಿ, ಇದು ಮಾರಾಟವಾಗಿಬಿಟ್ಟರೆ ಮುಂದಿನ ಭಾನುವಾರ ಎಲ್ಲಿಗೆ ಹೋಗಲಿ ಎಂದು ಭಯವಾಯಿತು. ನಾನು ಅಷ್ಟು ದಿನ ಬೇಡುತ್ತಿದ್ದದ್ದು ಕ್ಯಾಮೆರಾ ಅಲ್ಲ ಎಂದು ನನಗೆ ಆಗಲೇ ಗೊತ್ತಾಗಿತ್ತು. ನನ್ನೊಡನೆ ಜಗಳ ಆಡುವ ಒಬ್ಬರು ಬೇಕಾಗಿತ್ತು.

ಹಬ್ಬಕ್ಕೆ ಒಂದು ವಾರ ಮೊದಲು ಪೇಟೆಯಲ್ಲಿ ತಪಾಸಣೆ ಮಾಡಬೇಕೆಂದು ಮೇಲಿನಿಂದ ಆದೇಶ ಬಂತು. ಬೆಲ್ಲದ ಸಾಲಿನಲ್ಲಿ ಮೂರನೆಯದು ಉಮಾಪತಿ ಎಂಬುವರ ಅಂಗಡಿ. ಒಳಗೆ ಹೋದೆ. ವಾಡಿಕೆಯಂತೆ ಎಲ್ಲರೂ ಎದ್ದರು. ಖಾಲಿ ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ವಾಲಿತ್ತು. ಬಟ್ಟಲುಗಳನ್ನು ತಿರುವಿ ನೋಡಿದರೆ ಸರಕು ಸುರಿಯುವ ಬಟ್ಟಲಿನ ಅಡಿಯಲ್ಲಿ ಹುಣಸೆಹಣ್ಣಿನ ಮುದ್ದೆ ಅಂಟಿಸಿದ್ದರು. ಸರಕಿನ ತೂಕ ಹೆಚ್ಚಿಸಿ ತೋರಿಸುವ ಹಳೆಯ ಉಪಾಯ. ಹುಣಸೆ ಒಣಗಿದಂತೆಲ್ಲ ಹಗುರಾಗುತ್ತದೆ, ಅದಕ್ಕೇ ಕೆಲವರು ವಾರಕ್ಕೊಮ್ಮೆ ಹೊಸದು ಮೆತ್ತುತ್ತಾರೆ. ಇದು ಇನ್ನೂ ಹಸಿಯಾಗಿತ್ತು.

"ಅಕ್ಕ, ಇವರೇ ನೋಡು ಆ ಇನ್ಸ್‌ಪೆಕ್ಟರು. ನೀನಾದ್ರೂ ಒಂದು ಮಾತು ಹೇಳು" ಎಂದು ಉಮಾಪತಿ ಒಳಬಾಗಿಲ ಕಡೆ ತಿರುಗಿ ಗೋಗರೆದರು.

ಅಲ್ಲಿ ಗೋಣಿಚೀಲದ ಮೇಲೆ ಸರ್ವಮಂಗಳಮ್ಮ ಕೂತಿದ್ದರು. ಹಬ್ಬಕ್ಕೆ ಬೆಲ್ಲ ಒಯ್ಯಲು ತಮ್ಮನ ಅಂಗಡಿಗೆ ಬಂದಿದ್ದರಂತೆ. ನನ್ನನ್ನು ನೋಡಿ ಆಕೆಯ ಮುಖ ಅರಳಿತು, "ಏನ್ರೀ, ನೀವಿಲ್ಲಿ" ಎಂದು ಅರ್ಧ ಹೇಳಿದರು. ಅಷ್ಟರಲ್ಲಿ ತಮ್ಮನ ಮಾತು ಅರ್ಥವಾಯಿತು. ನನ್ನ ಕೈಯಲ್ಲಿದ್ದ ಹುಣಸೆ ಮುದ್ದೆಯನ್ನು ನೋಡಿದರು. ಮಂಡಿಯ ಮೇಲೆ ಕೈಯೂರಿ, ನೋವಿಗೆ ಹಲ್ಲು ಕಚ್ಚಿ, ಎದ್ದು ನಿಂತರು.

ಕೂತ್ಕೊಳ್ಳಿ ಎಂದು ನಾನು ಹೇಳಬಹುದಿತ್ತು. ತಕ್ಕಡಿ ಜಪ್ತಿ ಮಾಡಿದೆ, ದಂಡದ ನೋಟೀಸು ಬರೆದೆ. ಗುರುತಿನವರೆಂದು ಬಿಟ್ಟಿದ್ದರೆ ಆ ಮೂರನೆಯ ಅಂಗಡಿಯಿಂದಾಚೆ ನಾನು ಯಾರ ತಕ್ಕಡಿಯನ್ನೂ ಮುಟ್ಟುವಂತಿರಲಿಲ್ಲ. ಆಕೆ ಕೊನೆಯವರೆಗೂ ನಿಂತೇ ಇದ್ದರು.

ಭಾನುವಾರ ಹೋಗಲೋ ಬೇಡವೋ ಎಂದು ಬೆಳಗಿನಿಂದ ಹೊಯ್ದಾಡಿ, ಸಂಜೆ ಹೋದೆ. ಗಾಜಿನ ಪೆಟ್ಟಿಗೆ ಖಾಲಿಯಿತ್ತು. ಕ್ಯಾಮೆರಾ ಮೇಜಿನ ಮೇಲೆ, ಕವಚದ ಗುಂಡಿಗಳನ್ನೆಲ್ಲ ಹಾಕಿಸಿಕೊಂಡು, ಹೊಸ ಬಟ್ಟೆಯ ಚೀಲದ ಪಕ್ಕದಲ್ಲಿತ್ತು.

"ಬನ್ನಿ ಸಾರ್" ಎಂದು ಆಕೆ ಎದ್ದರು. ಸೆರಗಿನಿಂದ ಕುರ್ಚಿ ಒರೆಸಿದರು. "ತಮಗೇ ಅಂತ ಕಟ್ಟಿಟ್ಟಿದೀನಿ ಸಾರ್. ತಗೊಂಡ್ಹೋಗಿ."

"ಉಮಾಪತಿಯವರ ಕೇಸಿಗೂ ಇದಕ್ಕೂ ಸಂಬಂಧ ಇಲ್ಲ, ಮಂಗಳಮ್ಮ. ದಂಡ ಕಟ್ಟಿದರೆ ಅದು ಮುಗಿಯುತ್ತೆ. ನಾನು ಬಂದಿರೋದು ವ್ಯಾಪಾರಕ್ಕೆ."

"ಗೊತ್ತು ಸಾರ್."

ಕವಚ ಬಿಚ್ಚಿದೆ. "ಈ ಶಟರು ಎಳೆಯುತ್ತೆ" ಎಂದೆ, ಎಂದಿನ ದನಿಯಲ್ಲೇ.

"ಹೌದು ಸಾರ್, ಕೆಟ್ಟೋಗಿದೆ."

"ಕೆಟ್ಟೇನೂ ಹೋಗಿಲ್ಲ. ಎಣ್ಣೆ ಹಾಕಿದ್ರೆ ಸರಿಯಾಗುತ್ತೆ."

"ಸರಿಯಾಗುತ್ತೆ ಸಾರ್."

"ಒಂದೂವರೆ ಸಾವಿರಕ್ಕೆ ಕೊಡ್ತೀರಾ?"

"ಆಯ್ತು ಸಾರ್."

"ಐನೂರಕ್ಕೆ?"

"ತಾವು ಹೇಳಿದ ಹಾಗೆ ಸಾರ್."

ನನಗೆ ಅಳು ಬರುವಂತಾಯಿತು. ಬೈಯಿರಿ ಎಂದು ಕಾಲು ಹಿಡಿಯುವುದೊಂದು ಬಾಕಿ. "ಐದು ಸಾವಿರ ತಗೊಳ್ಳಿ" ಎಂದೆ. ಯಾವ ಹುಚ್ಚನೂ ಕೊಡದ ಬೆಲೆ. ತಲೆ ಕೆಟ್ಟಿದೆಯೇನ್ರೀ ಎಂದು ಆಕೆ ಗದರಲಿ ಎಂದು ಕಾದೆ.

"ತಮ್ಮಿಷ್ಟ ಸಾರ್" ಎಂದರು. ಆಕೆಯ ಕಣ್ಣು ನನ್ನ ಅಂಗಿಯ ಮೂರನೆಯ ಗುಂಡಿಯ ಮೇಲಿತ್ತು.

ಇನ್ನು ಆ ಕ್ಯಾಮೆರಾಕ್ಕೆ ಬೆಲೆಯೆಂಬುದೇ ಇರಲಿಲ್ಲ. ಏನು ಮಾಡುವುದೆಂದು ತೋಚದೆ ಅದನ್ನು ಕಣ್ಣಿಗೆ ಹಿಡಿದೆ. ಅಷ್ಟು ಭಾನುವಾರಗಳಲ್ಲಿ ಅದರಲ್ಲಿ ದೋಷ ಹುಡುಕಿದ್ದೆನೇ ಹೊರತು ಅದರ ಮೂಲಕ ಆಕೆಯನ್ನು ಒಮ್ಮೆಯೂ ನೋಡಿರಲಿಲ್ಲ. ಪುಟ್ಟ ಕಿಟಕಿಯಲ್ಲಿ ಸರ್ವಮಂಗಳಮ್ಮ ಸೆರಗನ್ನು ಎರಡೂ ಭುಜದ ಮೇಲೆ ಹೊದ್ದು, ಕೈಕಟ್ಟಿ, ನೆಟ್ಟಗೆ ನಿಂತಿದ್ದರು.

"ಒಂಚೂರು ನಗ್ತೀರಾ?" ಎಂದೆ.

ಆಕೆ ತಕ್ಷಣ ನಕ್ಕರು.

ನಾನು ಗುಂಡಿ ಒತ್ತಲಿಲ್ಲ. ಇನ್ನೂ ಅಪ್ಪಣೆಯಾಗಿಲ್ಲವೆಂದು ಆಕೆ ಹಾಗೇ ನಗುತ್ತ ನಿಂತಿದ್ದರು.