ಮಾಳಿಗೆಯ ಮಣ್ಣು

ಭೂಕಂಪವಾಗಿ ಹದಿನಾಲ್ಕು ತಿಂಗಳಿಗೆ ಗೋಪನಕೊಪ್ಪದ ಆಚೆಯ ಬಯಲಲ್ಲಿ ಸರ್ಕಾರ ಇನ್ನೂರು ಮನೆ ಕಟ್ಟಿಕೊಟ್ಟಿತು. ಅದಕ್ಕೂ ಮೊದಲು ಬೋರ್ಡು ಕಟ್ಟಿತು, ಆ ಮಾತು ಬೇರೆ. ಕೆಲಸ ಹೋದ, ಮನೆ ಕಟ್ಟುವ ಹಳೆಯ ಗೌಂಡಿಗಳಿಗೆ ಹತ್ತು ದಿನ ತರಬೇತಿ ಕೊಟ್ಟು, ಮನೆಮನೆಗೆ ತಿಳಿಹೇಳಲು ಕಳಿಸಿತು. ಹೇಳಬೇಕಾದದ್ದು ಇಷ್ಟೇ: ಹೊಸ ಮನೆಯ ಮೇಲೆ ಮಣ್ಣು ಹೇರಬೇಡಿ. ಅವರಲ್ಲೊಬ್ಬನಾದ ಅಮೀನಸಾಬನೂ ಹೇಳಿದ. ಮೂವತ್ತು ವರ್ಷ ತಾನೇ ಹೇರಿದವನು ಈಗ ಬುದ್ಧಿ ಹೇಳಲು ಬಂದ ಎಂದು ಜನ ನಕ್ಕರು. ದಾನವ್ವನ ಮನೆಗೆ ಹೋಗಲು ಮಾತ್ರ ಅವನಿಗೆ ಕಾಲೇ ಬರಲಿಲ್ಲ.

ಹಳೆಯ ಮನೆಗಳ ಮಣ್ಣಿನ ಚಾವಣಿ, ಅಂದರೆ ಮಾಳಿಗೆ, ಸೋರಬಾರದೆಂದು ವರ್ಷಾವರ್ಷ ಮಳೆಗಾಲಕ್ಕೆ ಮೊದಲು ಸವಳು ಮಣ್ಣು ಹಾಸುವುದು ಊರ ರೂಢಿ. ದಾನವ್ವ ಅಂಗಳದಲ್ಲಿ ನಿಂತು ಅಮೀನಸಾಬನಿಂದ ಎಲ್ಲರಿಗಿಂತ ದಪ್ಪಗೆ ಹಾಸಿಸುತ್ತಿದ್ದಳು. ನೆಲ ನಡುಗಿದ ದಿನ ಆ ಮಾಳಿಗೆ ಕುಸಿದು ಸೊಸೆ ಸೌಮ್ಯಾಳನ್ನು ಮುಚ್ಚಿತು. ತರಬೇತಿಯಲ್ಲಿ ಇಂಜಿನಿಯರ್ ಋತುಜಾ ಬಿದ್ದ ಮಾಳಿಗೆಯ ಹೆಂಟೆಯೊಂದನ್ನು ಕಡಿದು ತೋರಿಸಿದಳು.

"ನೋಡ್ರಿ, ಪದರಿನ ಮ್ಯಾಲೆ ಪದರು, ಎರಡು ಫೂಟು. ಇಷ್ಟು ಭಾರ ಇರದಿದ್ರ ಒಳಗಿದ್ದವರು ಬದುಕ್ತಿದ್ರು."

ಅದು ಯಾರ ಮನೆಯದೆಂದು ಅವಳಿಗೆ ಗೊತ್ತಿರಲಿಲ್ಲ. ತನ್ನ ಕೈಕೆಲಸ ಅಮೀನಸಾಬನಿಗೆ ಗುರುತು ಸಿಗದೆ ಇದ್ದೀತೆ? ಈ ಸಂಗತಿ ತಿಳಿದರೆ ಹಾಸಿಸಿದ ದಾನವ್ವ ಉಳಿದಾಳೇ ಎಂಬುದೇ ಅವನ ಹೆದರಿಕೆ.

ಮೊದಲ ಮಳೆಗೇ ಸರ್ಕಾರದ ಸ್ಲ್ಯಾಬು ಸೋರಿತು. ದಾನವ್ವ ಅವನಿಗೆ ಹೇಳಿಕಳಿಸಿದಳು. ಅವಳ ಬಾಗಿಲ ಮುಂದೆ ಆಗಲೇ ಒಂದು ಟ್ರ್ಯಾಕ್ಟರ್ ಸವಳು ಮಣ್ಣು ಬಿದ್ದಿತ್ತು.

"ಎಲ್ಲಿ ಹಾಳಾಗಿ ಹೋಗಿದ್ದ್ಯೋ ಅಮೀನಸಾಬಾ? ಲಗೂನ ಏರು."

"ಆಗೂದಿಲ್ರಿ ಅವ್ವಾರ. ಸರ್ಕಾರದ ಹುಕುಂ ಐತಿ."

"ಸೋರೂ ಮನಿ ಕೊಟ್ಟು ಹುಕುಂ ಬ್ಯಾರೆ ಕೊಡತೈತೇನು? ನೀ ಒಲ್ಲೆ ಅಂದ್ರ ಬ್ಯಾರೆಯವರನ್ನ ಕರಸ್ತೇನಿ."

ಕರೆಸುವವಳೇ ಅವಳು. ಆ ಮಣ್ಣಿನ ಕೆಳಗೆ ಮಲಗುವವನು ಅವಳ ಮಗ, ಸೌಮ್ಯಾಳ ಗಂಡ ರಾಜಶೇಖರ.

"ಸೌಮ್ಯಾವ್ವನ್ನ ಕೊಂದದ್ದು ಈ ಮಣ್ಣ ನೋಡ್ರಿ. ಆದರ ತಪ್ಪು ನಂದು. ನೀವು ಹೇಳಿದ್ದಕ್ಕಿಂತ ಹೆಚ್ಚಿಗಿ ಹಾಕಿಬಿಟ್ಟಿದ್ದೆ."

ದಾನವ್ವ ಅವನ ಮುಖವನ್ನೇ ನೋಡಿದಳು. ಆಮೇಲೆ ಮೆಟ್ಟಿಲ ಮೇಲೆ ಕೂತಳು.

"ಸುಳ್ಳು ಯಾಕ ಹೇಳ್ತಿ? ಸೌಮ್ಯಾ ಸಾಕು ಅಂದಿದ್ಲು. ತೊಲಿ ಬಾಗ್ಯಾವ್ರಿ ಅತ್ತಿ, ಅಂದ್ಲು. ಮನಿ ಕಟ್ಟಿಸಿದಾಕಿ ನೀನೇನು ಅಂತ ಬಾಯಿ ಮುಚ್ಚಿಸಿದಾಕಿ ನಾನು."

ಅಮೀನಸಾಬನಿಗೆ ಅಳು ಬಂತು. ಅವಳಿಗೆ ಬರಲಿಲ್ಲ.

"ಎಲ್ಲಾ ಮನಿಗೂ ಹೇಳು," ಎಂದಳು ದಾನವ್ವ. "ದಾನವ್ವ ಸೊಸೀನ ಹಿಂಗ ಕೊಂದಳು ಅಂತ ಹೆಸರು ಹಿಡಿದು ಹೇಳು. ಆವಾಗರ ಕೇಳ್ತಾರ. ಮೊದಲ ರಾಜಶೇಖರಗ ನಾನು ಹೇಳಬೇಕು. ಅಂವಾ ಬರೂತನಕ ಇಲ್ಲೇ ಕೂಡೋ. ನನಗ ಅಂಜಿಕಿ ಬರಾಕತ್ತೈತಿ."