ಕುತ್ತಿಗೆಯ ಮೇಲಿನ ಕೈ

ಔರಾದ ಬಸ್ ನಿಲ್ದಾಣದ ಎದುರಿನ ಕಟಿಂಗ್ ಅಂಗಡಿಯಲ್ಲಿ ಕುರ್ಚಿ ಎರಡು, ಕನ್ನಡಿ ಒಂದು. ಬಾಗಿಲ ಬಳಿಯ ಕುರ್ಚಿ ಅಣ್ಣ ಅಬ್ದುಲ ವಾಹೀದನದು, ಒಳಗಿನದು ತಮ್ಮ ಖಾಲಿದನದು. ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಒಂದೇ ಕನ್ನಡಿಯಲ್ಲಿ ಮುಖ ಎದುರಾದರೂ ಕಾಣದವರಂತೆ ಕತ್ತರಿ ಆಡಿಸುತ್ತಿದ್ದರು.

ಇದಕ್ಕೆಲ್ಲ ಮೂಲ ವಾಹೀದನ ಕೈ. ಅಂಗಿಯ ಗುಂಡಿ ಹಾಕಲು ಬೆರಳುಗಳು ತಡಕಾಡುತ್ತಿದ್ದವು, ಕತ್ತರಿ ಜಾರುತ್ತಿತ್ತು, ನಡೆದರೆ ಕಾಲು ತೂರಾಡುತ್ತಿತ್ತು. ಡಾಬಕಾ ಊರಿನ ಗಿರಾಕಿಯೊಬ್ಬನ ಕೆನ್ನೆಗೆ ಗಾಯವಾದ ದಿನ ಖಾಲಿದ ಎಲ್ಲರೆದುರೇ ಬಾಯಿಬಿಟ್ಟ.

"ಹಗಲಿಗೇ ಕುಡದ್ ಬರ್ತಾನರಿ ಇವ. ಇವನ ಕುರ್ಚಿಮ್ಯಾಗ ಕೂಡಬ್ಯಾಡ್ರಿ."

ಹನಿ ಮುಟ್ಟದ, ಐದು ಹೊತ್ತಿನ ನಮಾಜು ತಪ್ಪಿಸದ ಮನುಷ್ಯನಿಗೆ ಈ ಮಾತು! ಮರುದಿನದಿಂದ ಮಸೀದಿಯಲ್ಲಿ ಪಕ್ಕ ನಿಂತವರು ಅವನ ಉಸಿರು ಮೂಸತೊಡಗಿದರು. ತಮ್ಮನ ಮೇಲೆ ವಾಹೀದನಿಗೆ ಹುಟ್ಟಿದ್ದು ಸಿಟ್ಟಲ್ಲ, ದ್ವೇಷವೇ.

ಅಂಗಡಿ ಮುಚ್ಚುವ ಮೊದಲು ಒಬ್ಬರ ಕುತ್ತಿಗೆಯನ್ನು ಇನ್ನೊಬ್ಬರು ತಿರುವಿ ಲಟಕ್ಕನೆ ನೆಟಿಗೆ ತೆಗೆಯುವುದು ಅಪ್ಪನ ಕಾಲದ ರೂಢಿ. ಖಾಲಿದ ಅದನ್ನೂ ನಿಲ್ಲಿಸಿದ. ಕುಡುಕನ ಕುತ್ತಿಗೆ ಮುಟ್ಟಲಾರೆ ಎಂದ. ಕುತ್ತಿಗೆ ಕಟ್ಟಿಗೆಯಂತೆ ಬಿಗಿದರೂ ಇನ್ನೊಂದು ಅಂಗಡಿಗೆ ಹೋಗಿ ತಲೆ ಒಡ್ಡಲು ವಾಹೀದನಿಗೆ ಮನಸ್ಸು ಬರಲಿಲ್ಲ.

ಕೊನೆಗೆ, ಅಣ್ಣ ಕುರ್ಚಿ ಖಾಲಿ ಮಾಡಲಿ, ಬೇರೆಯವನನ್ನು ಇಟ್ಟುಕೊಳ್ಳುತ್ತೇನೆ ಎಂದು ಖಾಲಿದ ಊರೆಲ್ಲ ಹೇಳಿಕೊಂಡು ಬಂದ. ಕುಡಿದಿಲ್ಲವೆಂದು ಡಾಕ್ಟರ ಬಾಯಿಂದಲೇ ಹೇಳಿಸು ಎಂದು ವಾಹೀದನ ಹೆಂಡತಿ ರಹೀಮುನ್ನಿಸಾ ಗಂಡನನ್ನು ಬೀದರಿನ ಬಸ್ಸು ಹತ್ತಿಸಿದಳು.

ನರರೋಗದ ಡಾಕ್ಟರು ವಿಶಾಖಾ ಅವನ ರಕ್ತ ತೆಗೆಯಲಿಲ್ಲ, ಸೂಜಿ ಚುಚ್ಚಲಿಲ್ಲ. ಅಂಗೈಗೆ ಪಟ್ಟಿಗಳನ್ನು ಅಂಟಿಸಿ ನೆತ್ತಿಯ ಮೇಲೆ ಯಂತ್ರಕ್ಕೆ ಜೋಡಿಸಿದ ದುಂಡನೆಯ ತಂತಿಯ ಸುರುಳಿಯೊಂದನ್ನು ಹಿಡಿದರು. ಟಕ್ ಎಂದಿತು. ಅವನು ಆಡಿಸದೆಯೇ ಹೆಬ್ಬೆರಳು ನೆಗೆಯಿತು. ತನ್ನ ಮಾತು ಕೇಳದ ಬೆರಳು ಯಾವುದೋ ಯಂತ್ರದ ಮಾತು ಕೇಳುತ್ತದಲ್ಲ ಎಂದು ವಾಹೀದನಿಗೆ ಮೈ ಉರಿಯಿತು. ಆಮೇಲೆ ಸುರುಳಿಯನ್ನು ಕುತ್ತಿಗೆಯ ಹಿಂದೆ ಹಿಡಿದರು, ಬೆರಳು ಮತ್ತೆ ನೆಗೆಯಿತು.

ಕುತ್ತಿಗೆಯಿಂದ ಕೈಗೆ ಸಂದೇಶ ಸರಿಯಾಗಿ ಹೋಗುತ್ತಿದೆ, ತಲೆಯಿಂದ ಕುತ್ತಿಗೆ ದಾಟುವಲ್ಲೇ ತಡವಾಗುತ್ತಿದೆ, ಅಲ್ಲಿ ಬೆನ್ನುಹುರಿ ಒತ್ತಿಕೊಂಡಿರಬಹುದು ಎಂದರು. ಸ್ಕ್ಯಾನ್ ಕೂಡ ಅದನ್ನೇ ಹೇಳಿತು. ಆಪರೇಷನ್ ಬೇಕು, ಕುಡಿತಕ್ಕೂ ಇದಕ್ಕೂ ಸಂಬಂಧವಿಲ್ಲ. ವಾಹೀದನಿಗೆ ಆಪರೇಷನ್ನಿನ ಮಾತು ಕೇಳಿಸಲೇ ಇಲ್ಲ, ಕುಡಿತದ್ದಷ್ಟೇ ಕೇಳಿಸಿತು.

ಎದ್ದು ಹೊರಟವನನ್ನು ಡಾಕ್ಟರು ತಡೆದರು. "ಕುತ್ತಿಗಿ ಯಾರರೆ ತಿರುವ್ತಾರೇನ್ರಿ?"

"ತಮ್ಮ ತಿರುವ್ತಿದ್ದರಿ. ವರ್ಷಾತು, ಬಿಟ್ಟಾನ."

"ಪುಣ್ಯಾತ್ಮ ಅಂವ. ಬಿಟ್ಟಿರಲಿಲ್ಲಂದ್ರ ಇವತ್ತ ಕೈಕಾಲು ಬಿದ್ದು ನಿಮ್ಮನ್ನ ಹೊತ್ಕೊಂಡ್ ತರಬೇಕಾಗ್ತಿತ್ತೋ ಏನೋ. ಇನ್ನ ಯಾರೂ ಆ ಕುತ್ತಿಗಿ ಮುಟ್ಟಬಾರದು."

ಪುಣ್ಯಾತ್ಮನಂತೆ! ಔರಾದ ಬರುವವರೆಗೂ ಆ ಮಾತು ವಾಹೀದನಿಗೆ ನುಂಗಲಾರದ ತುತ್ತಾಯಿತು.

ಮರುದಿನ ಅಂಗಡಿ ತುಂಬಿದ್ದ ಹೊತ್ತು ನೋಡಿಯೇ ಒಳಹೊಕ್ಕ. ಇದು ನರದ ರೋಗ, ಯಂತ್ರವೇ ಹೇಳಿದೆ, ನನ್ನನ್ನು ಕುಡುಕ ಎಂದವನ ನಾಲಿಗೆಗೆ ಹುಳ ಬೀಳಲಿ ಎಂದ. ಖಾಲಿದನ ಮುಖ ಕಪ್ಪಿಟ್ಟಿತು. ತಮ್ಮನ ಹಗೆಯಿಂದಲೇ ತನ್ನ ಕಾಲುಗಳು ಉಳಿದವೆಂಬುದನ್ನು ಮಾತ್ರ ವಾಹೀದ ಹೇಳಲಿಲ್ಲ. ಆ ಉಪಕಾರ ಅವನಿಗೆ ಬೇಕಿರಲಿಲ್ಲ. ನೇರವಾಗಿ ತಮ್ಮನ ಕುರ್ಚಿಯಲ್ಲೇ ಕೂತು, ಗಡ್ಡ ಮಾಡು ಎಂದು ಆಳಿಗೆ ಹೇಳಿದಂತೆ ಹೇಳಿದ.

ಖಾಲಿದ ಗಡ್ಡ ಮಾಡಿದ. ಮುಖ ಒರೆಸಿದ. ಆಮೇಲೆ ಒಂದು ಅಂಗೈಯನ್ನು ಅಣ್ಣನ ಗದ್ದದ ಕೆಳಗೂ ಇನ್ನೊಂದನ್ನು ತಲೆಯ ಹಿಂದೂ ಇಟ್ಟ. ವರ್ಷದ ಮೇಲೆ ಇಟ್ಟ ಕೈ. ಕ್ಷಮೆ ಕೇಳಲು ಅವನಿಗೆ ಗೊತ್ತಿದ್ದದ್ದು ಅದೊಂದೇ ದಾರಿ.

"ತೆಗಿ ಕೈ," ಎಂದ ವಾಹೀದ.

"ತಪ್ಪಾತು ಅಣ್ಣಾ," ಎಂದು ಖಾಲಿದ ಹಿಡಿತ ಬಿಗಿ ಮಾಡಿದ.

ಮುಚ್ಚಿಟ್ಟದ್ದನ್ನು ಈಗ ಹೇಳದೆ ವಾಹೀದನಿಗೆ ಗತಿಯಿರಲಿಲ್ಲ.

"ತಿರುವಿದ್ರ ನಾ ಮುಗದೆ, ಡಾಕ್ಟರ್ ಹೇಳ್ಯಾರ. ವರ್ಷ ನೀ ದುಶ್ಮನಿ ಮಾಡಿದಿ, ಅದಕ್ಕೇ ನಾ ಇನ್ನಾ ನಡದಾಡ್ತೇನಿ. ಈಗ ಪ್ರೀತಿ ಮಾಡಿ ಕೊಲ್ಲಬ್ಯಾಡ."

ಖಾಲಿದನ ಕೈಗಳು ಹಿಡಿತ ಬಿಟ್ಟವು. ಅವನ್ನು ಎಲ್ಲಿಡಬೇಕೆಂದು ತಿಳಿಯದೆ ಟವೆಲ್ಲು ತೆಗೆದುಕೊಂಡು ಝಾಡಿಸತೊಡಗಿದ.