ಐನೂರ ಏಳರ ಹೆಸರು

ಜನವರಿಯ ಮೊದಲ ವಾರ ಉರೈಗೆ ಊಟಕ್ಕೂ ಪುರಸೊತ್ತು ಸಿಗುತ್ತಿರಲಿಲ್ಲ. ಹುವಾ ಹಿನ್‌ನ ಕಡಲ ದಂಡೆಯಲ್ಲಿದ್ದ ಆ ಎಂಟು ಮಹಡಿಯ ಹಳೆಯ ಕಟ್ಟಡದ ಕಚೇರಿಯನ್ನು ಅವಳು ನೋಡಿಕೊಳ್ಳತೊಡಗಿ ಇಪ್ಪತ್ತೆರಡು ವರ್ಷವಾಗಿತ್ತು. ನೂರ ಹನ್ನೆರಡು ಮನೆಗಳು. ಅರ್ಧಕ್ಕಿಂತ ತುಸು ಕಡಿಮೆ ಮನೆಗಳು ಪರದೇಶದವರವು. ಅದಕ್ಕಿಂತ ಹೆಚ್ಚಿಗೆ ಕಾನೂನು ಬಿಡುತ್ತಿರಲಿಲ್ಲ. ವರ್ಷದ ಆರಂಭದಲ್ಲಿ ಎಲ್ಲರೂ ನಿರ್ವಹಣೆಯ ಹಣ ಕಟ್ಟಬೇಕು. ಲಿಫ್ಟು, ನೀರಿನ ಪಂಪು, ಕಾವಲುಗಾರರ ಸಂಬಳ, ಈಜುಕೊಳಕ್ಕೆ ಹಾಕುವ ಪುಡಿ ಎಲ್ಲವೂ ಅದರಿಂದಲೇ ನಡೆಯಬೇಕು.

ಐನೂರ ಏಳನೆಯ ಮನೆಯ ಹೆಲ್ಮಿ ಎಂದಿನಂತೆ ಮೊದಲ ದಿನವೇ ಬಂದರು. ಫಿನ್ಲೆಂಡಿನ ಹೆಂಗಸು, ವಯಸ್ಸು ಎಪ್ಪತ್ತಾರು. ಗಂಡ ತಾವ್ನೊ ಜೊತೆ ಇಲ್ಲಿಗೆ ಬಂದು ನೆಲೆಸಿ ಇಪ್ಪತ್ತೊಂದು ವರ್ಷ. ಮೀನಿನ ಅಂಗಡಿಯಲ್ಲಿ ಚೌಕಾಸಿ ಮಾಡುವಷ್ಟು, ನೆರೆಮನೆಯ ಮೊಮ್ಮಕ್ಕಳ ಸುದ್ದಿ ಕೇಳುವಷ್ಟು ಥಾಯ್ ಭಾಷೆ ಅವರಿಗೆ ಬರುತ್ತಿತ್ತು. ಹಿಂದಿನ ಆಗಸ್ಟಿನಲ್ಲಿ ತಾವ್ನೊ ತೀರಿಕೊಂಡಿದ್ದರು. ಗುಡ್ಡದ ಬುಡದ ವಿಹಾರದಲ್ಲಿ ದಹನ ನಡೆದ ದಿನ ಕಟ್ಟಡದ ಕೆಲಸದವರೆಲ್ಲ ಹೋಗಿ, ಒಬ್ಬೊಬ್ಬರೂ ಒಂದೊಂದು ಹೂವಿಟ್ಟು ಬಂದಿದ್ದರು.

ಹೆಲ್ಮಿ ಹಣದ ಲಕೋಟೆಯನ್ನು ಎರಡೂ ಕೈಯಿಂದ ಕೊಟ್ಟರು. ಉರೈ ಎಣಿಸಿದಳು, ಕೀಲಿ ಒತ್ತಿದಳು, ರಸೀದಿ ಹೊರಬಂತು. ಅದನ್ನು ಚಾಚಿದ ಮೇಲೆ ಅವಳ ಕಣ್ಣಿಗೆ ಬಿತ್ತು: ಮಾಲೀಕರ ಹೆಸರು, ತಾವ್ನೊ. ಕಿವಿ ಬಿಸಿಯಾಯಿತು. ಕಿತ್ತುಕೊಂಡು ಹರಿದುಹಾಕೋಣವೆಂದರೆ ಹೆಲ್ಮಿ ಆಗಲೇ ಆ ಹೆಸರಿನ ಮೇಲೆ ಬೆರಳಾಡಿಸುತ್ತಿದ್ದರು. ಕಣ್ಣು ತುಂಬಿತ್ತು. ರಸೀದಿಯನ್ನು ಮಡಿಸಿ, ಕೈ ಜೋಡಿಸಿ, "ನಿನ್ನಿಂದ ದೊಡ್ಡ ಉಪಕಾರ ಆಯ್ತು ಉರೈ," ಎಂದು ಹೊರಟುಹೋದರು.

ಮೂಲೆಯಲ್ಲಿ ಏಣಿ ಒರೆಸುತ್ತಿದ್ದ ಸಮ್ರುಯ್ ಎಲ್ಲ ನೋಡಿದ್ದ. ನಲ್ಲಿ, ದೀಪ, ಲಿಫ್ಟು ಎಲ್ಲವನ್ನೂ ರಿಪೇರಿ ಮಾಡುವವನು ಅವನೇ. ಐವತ್ತು ದಾಟಿದ್ದರೂ ನಾಲಿಗೆಗೆ ಲಗಾಮಿರಲಿಲ್ಲ.

"ಅಕ್ಕಾ, ತಾತ ಇನ್ನು ಮೇಲಿಂದ್ಲೇ ದುಡ್ಡು ಕಳಿಸ್ತಾರೇನು?"

"ಬಾಯ್ಮುಚ್ಚೋ. ಮೂರನೇ ಮಹಡಿ ಬಲ್ಬು ಹೋಗಿ ನಾಲ್ಕು ದಿನ ಆಯ್ತು."

"ಬಲ್ಬು ಹಾಕ್ತೀನಿ. ಹೆಸರು ಬದಲಾಯಿಸೋದು ನಿನ್ನ ಕೆಲಸ."

ಉರೈ ಬದಲಾಯಿಸಲಿಲ್ಲ. ಪಾಪ, ಆ ಹೆಸರು ನೋಡಿ ಹೆಂಗಸಿಗೆ ಎಷ್ಟು ಸಮಾಧಾನವಾಯಿತು ಎಂದುಕೊಂಡಳು. ಫೆಬ್ರವರಿಯ ನೀರಿನ ಬಿಲ್ಲಿನ ಮೇಲೂ ತಾವ್ನೊ, ಮಾರ್ಚಿನದರ ಮೇಲೂ ತಾವ್ನೊ.

ಹೆಸರಿನ ಹಿಂದೆ ಒಂದು ದೊಡ್ಡ ಮಾತಿತ್ತು. ಅದು ಉರೈಗೆ ಗೊತ್ತಿತ್ತು. ಮನೆಯ ಪತ್ರ ತಾವ್ನೊ ಒಬ್ಬರ ಹೆಸರಿನಲ್ಲೇ ಇತ್ತು. ಪರದೇಶದವರು ತೀರಿಕೊಂಡರೆ ವಾರಸುದಾರರು ಮೊದಲು ನ್ಯಾಯಾಲಯದ ಅಪ್ಪಣೆ ತರಬೇಕು, ಆಮೇಲೆ ಭೂ ಕಚೇರಿಗೆ ಹೋಗಿ ಮನೆ ಇಟ್ಟುಕೊಳ್ಳಲು ತಮಗೂ ಅರ್ಹತೆಯಿದೆಯೆಂದು ತೋರಿಸಬೇಕು. ವರ್ಷದೊಳಗೆ ಅದಾಗದಿದ್ದರೆ ಮನೆ ಮಾರಬೇಕು. ಎರಡು ವರ್ಷದ ಕೆಳಗೆ ಮುನ್ನೂರ ಎರಡರ ವಿಧವೆ ಇದನ್ನು ತಿಳಿಯದೆ ಕೊನೆಗೆ ಸಿಕ್ಕಷ್ಟು ಬೆಲೆಗೆ ಕೊಟ್ಟು, ಎರಡು ಪೆಟ್ಟಿಗೆ ಹಿಡಿದು ವಿಮಾನ ಹತ್ತಿದ್ದಳು. ಅವಳ ಕುಂಡದ ಗಿಡಗಳಿಗೆ ಇವತ್ತಿಗೂ ಸಮ್ರುಯ್ ನೀರು ಹಾಕುತ್ತಾನೆ.

ಹೇಳಬೇಕು. ಆದರೆ ಹೇಳುವುದೆಂದರೆ, "ನಿಮ್ಮ ಯಜಮಾನರು ಹೋದರು, ಹೆಸರು ತೆಗೆಸಿ" ಎಂದಂತೆ. ಹೊಸ್ತಿಲಲ್ಲಿ ನಿಂತು ಅವರನ್ನೇ ಹೊರಗೆ ನಡೆ ಎಂದಂತೆ. ಫೆಬ್ರವರಿಯಲ್ಲಿ ಬಾಯಿ ತೆರೆದಳು. ಅಷ್ಟರಲ್ಲಿ ಹೆಲ್ಮಿ ತಾವೇ ಮಾಡಿದ ಏಲಕ್ಕಿ ಬನ್ನಿನ ತಟ್ಟೆ ಮೇಜಿನ ಮೇಲಿಟ್ಟರು. ಮಾರ್ಚಿನಲ್ಲಿ ಅವರಿಗೆ ಕೆಮ್ಮು. ಮುಂದಿನ ತಿಂಗಳು ಹೇಳೋಣ, ಮುಂದಿನ ತಿಂಗಳು. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದಕ್ಕೂ ಜಾಗವಿಲ್ಲ ಎನ್ನುವ ಮಾತು ಉರೈಯಂಥವರನ್ನು ನೋಡಿಯೇ ಹುಟ್ಟಿರಬೇಕು.

ಏಪ್ರಿಲ್‌ನಲ್ಲಿ, ನೀರಾಟದ ಹೊಸವರ್ಷಕ್ಕೆ ವಾರವಿರುವಾಗ, ಸಮ್ರುಯ್ ಒಂದು ಲಕೋಟೆ ಆಡಿಸುತ್ತ ಬಂದ.

"ತಾತನಿಗೆ ಪುರಸಭೆಯಿಂದ ಪ್ರೇಮಪತ್ರ!"

ಮನೆ ತೆರಿಗೆ. ವರ್ಷಕ್ಕೆ ಮುನ್ನೂರ ಇಪ್ಪತ್ತು ಬಾತ್. ಪತ್ರ ಪೂರ್ತಿ ಥಾಯ್ ಲಿಪಿಯಲ್ಲಿ. ಹೆಲ್ಮಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದನ್ನ ಪ್ರತಿವರ್ಷ ಅವರೇ ಹೋಗಿ ಕಟ್ತಿದ್ರು. ನನಗೆ ಆ ಕಚೇರಿ ಎಲ್ಲಿದೆ ಅಂತಾನೂ ಗೊತ್ತಿಲ್ಲ," ಎಂದರು.

"ನಾನು ಬರ್ತೀನಿ," ಎಂದಳು ಉರೈ. ದಾರಿಯಲ್ಲಿ ಹೇಳಿಬಿಡಬೇಕು ಎಂದು ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಹಿಂಬದಿಯಲ್ಲಿ ಎದುರುಬದುರು ಎರಡು ಬೆಂಚಿರುವ ಹಸಿರು ಬಾಡಿಗೆ ಗಾಡಿಯಲ್ಲಿ ಇಬ್ಬರೂ ಕುಳಿತರು. ಎದುರಿಗೆ ಒಬ್ಬಾಕೆ ಒಣಮೀನಿನ ಚೀಲ ಇಟ್ಟುಕೊಂಡಿದ್ದಳು. ಹೆಲ್ಮಿಯ ಬಿಳಿ ಲಂಗಕ್ಕೆ ತಾಗೀತೆಂದು ದಾರಿಯುದ್ದಕ್ಕೂ ಅದನ್ನು ತನ್ನ ಮಡಿಲಲ್ಲೇ ಹಿಡಿದಳು. ಅವಳ ಮುಂದೆ ಉರೈಗೆ ಬಾಯಿ ಬರಲಿಲ್ಲ.

ಪುರಸಭೆಯ ಕಿಟಕಿಯಲ್ಲಿ ಕನ್ನಡಕದ ಹುಡುಗಿಯೊಬ್ಬಳು ಹಣ ತೆಗೆದುಕೊಂಡು ಮೊಹರು ಒತ್ತಿದಳು. ಹೆಸರು ಓದಿ ಮುಖ ಅರಳಿಸಿದಳು.

"ಓ, ಇವರಾ! ಹೋದ ವರ್ಷ ಬಂದು ನಮಗೆಲ್ಲ ಚಾಕೊಲೇಟ್ ಹಂಚಿದ್ರು. ಈ ಸಲ ಯಾಕೆ ಬರ್ಲಿಲ್ಲ? ಹುಷಾರಾಗಿದಾರಾ?"

ಉರೈ ರಸೀದಿ ಮಡಿಸತೊಡಗಿದಳು. ಹೆಲ್ಮಿ ಅವಳ ಕಡೆ ಒಮ್ಮೆ ನೋಡಿ, ತೊದಲುತ್ತ ಹೇಳಿದರು, "ಹುಷಾರಾಗಿದಾರೆ. ಬಿಸಿಲು ಅಂತ ಮನೇಲಿದಾರೆ."

"ನಾನು ಕೇಳಿದೆ ಅಂತ ಹೇಳಿ," ಎಂದಳು ಹುಡುಗಿ.

ಉರೈ ಬೇಗ ಬೇಗ ಹೊರಗೆ ನಡೆದಳು. ಅಯ್ಯೋ ದೇವರೇ, ಈ ಹೆಂಗಸು ಗಂಡ ಸತ್ತಿದ್ದನ್ನೇ ಒಪ್ಪಿಕೊಂಡಿಲ್ಲ, ಅದಕ್ಕೆ ತಿಂಗಳು ತಿಂಗಳೂ ನೀರೆರೆದವಳು ನಾನು ಎನ್ನಿಸಿತು. ಮರದಡಿ ಶರಬತ್ತು ಮಾರುವವಳ ಬೆಂಚಿನ ಮೇಲೆ ಕೂತಳು. ಪುಂಡಿ ಹೂವಿನ ಕೆಂಪು ಶರಬತ್ತು ಎರಡು ಲೋಟ ಬಂತು.

"ಹೆಲ್ಮಿಯಮ್ಮ, ನಾನು ನಿಮಗೆ ದೊಡ್ಡ ಅನ್ಯಾಯ ಮಾಡಿದೀನಿ."

"ಹೌದು. ಸಕ್ಕರೆ ಕಡಿಮೆ ಹಾಕಿ ಅಂತ ಹೇಳ್ಲೇ ಇಲ್ಲ ನೀನು."

"ನಗಬೇಡಿ. ಕೇಳಿ." ಉರೈ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದಳು. ಪತ್ರ, ನ್ಯಾಯಾಲಯ, ವರ್ಷದ ಗಡುವು, ಮುನ್ನೂರ ಎರಡರವಳ ಕತೆ. "ಎಂಟು ತಿಂಗಳು ಆಗ್ಹೋಯ್ತು. ನನಗೆ ಮೊದಲ್ನೇ ದಿನದಿಂದ್ಲೂ ಗೊತ್ತಿತ್ತು."

ಹೆಲ್ಮಿ ಲೋಟ ಕೆಳಗಿಟ್ಟರು. "ಅಂದ್ರೆ ಮನೆ ಹೋಗುತ್ತಾ?"

"ಹೋದರೂ ಹೋಗಬಹುದು."

"ನನಗೆ ಬೇರೆ ಎಲ್ಲೂ ಮನೆ ಇಲ್ಲ ಉರೈ. ಅಲ್ಲಿದ್ದದ್ದನ್ನ ಮಾರಿಯೇ ಇದನ್ನ ಕೊಂಡಿದ್ದು."

ಉರೈ ಲೋಟದ ಅಡಿಯ ಒದ್ದೆಯನ್ನು ಬೆರಳಲ್ಲಿ ಒರೆಸಿದಳು. ಆಮೇಲೆ ಹೆಲ್ಮಿ ಕೇಳಿದರು, "ಗೊತ್ತಿದ್ದೂ ಮತ್ಯಾಕೆ ಅವರ ಹೆಸರೇ ಬರೀತಿದ್ದೆ?"

"ನಿಮಗೆ ಸಮಾಧಾನ ಆಗ್ಲಿ ಅಂತ. ಅವತ್ತು ರಸೀದಿ ನೋಡಿ ಕಣ್ಣಲ್ಲಿ ನೀರು ಹಾಕ್ಕೊಂಡು ಕೈ ಮುಗಿದ್ರಲ್ಲ."

"ನನಗೆ ಸಮಾಧಾನಾನಾ?" ಹೆಲ್ಮಿಯ ಬಾಯಿ ತೆರೆದೇ ಉಳಿಯಿತು. "ನಾನು ಅದು ನಿಮ್ಮ ಪದ್ಧತಿ ಅಂದ್ಕೊಂಡಿದ್ದೆ ಕಣೆ! ವರ್ಷ ತುಂಬೋವರೆಗೂ ಸತ್ತವರ ಹೆಸರು ತೆಗೀಬಾರದು ಅಂತ ಇರಬೇಕು, ಅದಕ್ಕೇ ಉರೈ ಇಷ್ಟು ಮರ್ಯಾದೆಯಿಂದ ಬರೀತಾಳೆ ಅಂತ. ಕಾಗದಪತ್ರದ ಮಾತೆತ್ತಿದ್ರೆ ನಿನಗೆ ನೋವಾಗುತ್ತೆ ಅಂತ ಸುಮ್ಮನಿದ್ದೆ. ಈಗ ಆ ಹುಡುಗಿ ಹತ್ರ ಸುಳ್ಳು ಹೇಳಿದ್ದೂ ನಿನ್ನ ಮುಖ ನೋಡ್ಕೊಂಡೇ."

"ನನ್ನ ಮುಖಾನಾ!"

"ಆ ಬಿಲ್ಲು ಬಂದ ದಿನ ನನಗೆ ಅನ್ನ ಸೇರ್ತಿರಲಿಲ್ಲ ಉರೈ. ಪ್ರತಿ ತಿಂಗಳೂ."

ಉರೈ ಅತ್ತಳು. ಹೆಲ್ಮಿ ಅವಳ ಬೆನ್ನು ಸವರುತ್ತ ಸವರುತ್ತ ನಗತೊಡಗಿದರು. ಮೊದಲು ಮೆಲ್ಲಗೆ, ಆಮೇಲೆ ಭುಜ ಕುಲುಕುವ ಹಾಗೆ. ನೋಡುತ್ತಿದ್ದ ಉರೈಗೂ ಅಳುವಿನ ನಡುವೆಯೇ ನಗು ಬಂತು. ಶರಬತ್ತಿನವಳು ಎದ್ದು ಬಂದಳು. ತನ್ನ ದೊಡ್ಡ ಕೊಡೆಯನ್ನು ಅವರತ್ತ ಒಂದಿಷ್ಟು ವಾಲಿಸಿ, ಎರಡು ಲೋಟಕ್ಕೂ ಮಂಜುಗಡ್ಡೆಯ ಚೂರು ಹಾಕಿ ಹೋದಳು.

ಹೊಸವರ್ಷದ ರಜೆ ಮುಗಿದ ಬೆಳಿಗ್ಗೆಯೇ ಇಬ್ಬರೂ ವಕೀಲರ ಮೆಟ್ಟಿಲು ಹತ್ತಿದರು. ಮದುವೆಯ ಪತ್ರ, ಸಾವಿನ ಪತ್ರ, ಅವುಗಳ ಅನುವಾದ, ಅನುವಾದಕ್ಕೆ ಮೊಹರು. ನ್ಯಾಯಾಲಯದ ಅಪ್ಪಣೆ ಬರಲು ಎರಡು ತಿಂಗಳು ಹಿಡಿಯುವುದೆಂದರು. ಅದು ಬಂದೇ ಬರುವುದು. ಕಷ್ಟವಿದ್ದದ್ದು ಇನ್ನೊಂದು ಕಾಗದದ್ದು. ಮನೆ ಕೊಂಡ ಹಣ ಪರದೇಶದಿಂದ ಬಂದದ್ದಕ್ಕೆ ಆಗ ಬ್ಯಾಂಕು ಕೊಟ್ಟ ಪತ್ರ ಬೇಕು. ಆ ಹಣ ಗಂಡ ಹೆಂಡಿರ ಜಂಟಿ ಖಾತೆಯದು, ಪತ್ರದಲ್ಲಿ ಇಬ್ಬರ ಹೆಸರೂ ಇತ್ತು ಎಂದು ಹೆಲ್ಮಿಗೆ ನೆನಪು. ಹಾಗಿದ್ದರೆ ಮನೆ ಉಳಿಯುತ್ತದೆ ಎಂದರು ವಕೀಲರು. ಆದರೆ ಪತ್ರವೇ ಇರಲಿಲ್ಲ. ಹೆಲ್ಮಿ ಕಪಾಟು, ಹಾಸಿಗೆಯಡಿ, ಹೊಲಿಗೆಯ ಡಬ್ಬಿ ಕೂಡ ಜಾಲಾಡಿದರು. ಬ್ಯಾಂಕಿನ ಆ ಶಾಖೆ ಮುಚ್ಚಿ ಹೋಗಿತ್ತು. ಸಂಖ್ಯೆ, ತಾರೀಖು ಕೊಟ್ಟರೆ ಮಾತ್ರ ಹಳೆಯ ದಾಖಲೆ ಹುಡುಕುವುದಾಗಿ ದೊಡ್ಡ ಕಚೇರಿಯವರು ಹೇಳಿದರು.

"ಕಟ್ಟಡ ಕಟ್ಟಿದವರು ಬಿಟ್ಟುಹೋದ ಕಡತದಲ್ಲಿ ನಕಲು ಇದ್ದಿರಬೇಕು," ಎಂದಳು ಉರೈ, ಒಂದು ಮಧ್ಯಾಹ್ನ ಕಚೇರಿಯಲ್ಲಿ ಹಣೆ ಹಿಡಿದುಕೊಂಡು. "ಅದನ್ನೆಲ್ಲ ಮೂರು ವರ್ಷದ ಹಿಂದೆ ನಾನೇ ಗುಜರಿಗೆ ಹಾಕಿಸಿದೆ. ಇದೂ ನನ್ನ ತಪ್ಪೇ."

ಸಮ್ರುಯ್ ತಲೆ ಕೆರೆದುಕೊಂಡ. "ಅಕ್ಕಾ, ಬೈಯಲ್ಲ ಅಂದ್ರೆ ಒಂದ್ಮಾತು."

"ಬೈತೀನಿ. ಹೇಳು."

"ಗುಜರಿಗೆ ಹಾಕ್ಲಿಲ್ಲ."

"ಏನು?"

"ನಾನು ಮಲಗೋ ತಾರಸಿ ಪಂಪು ಕೋಣೇಲಿ ಮಳೆ ನೀರು ಬರುತ್ತೆ ಅಂತ ಎಷ್ಟು ಸಲ ಹೇಳಿದೆ, ನೀನು ಕೇಳಿದ್ಯಾ? ನನ್ನ ಮಂಚದ ನಾಲ್ಕು ಕಾಲಿನ ಅಡಿಗೂ ಆ ಕಡತಗಳನ್ನೇ ಕೊಟ್ಟಿದೀನಿ. ಪ್ಲಾಸ್ಟಿಕ್ ಸುತ್ತಿದೀನಿ, ಒದ್ದೆ ಆಗಿರಲ್ಲ."

ಉರೈ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಓಡುತ್ತ ಮೆಟ್ಟಿಲು ಹತ್ತಿದಳು. ಬಾಗಿಲ ಕಡೆಯ ಎಡಗಾಲಿನ ಕೆಳಗೆ ಐದನೆಯ ಮಹಡಿಯ ಕಡತಗಳಿದ್ದವು. ಐನೂರ ಏಳರಲ್ಲಿ ಮಸುಕಾದ ನಕಲು. ಸಂಖ್ಯೆ, ತಾರೀಖು, ಕೆಳಗೆ ಎರಡು ಹೆಸರು. ಅವಳು ಸಮ್ರುಯ್‌ಗೆ ಬೈಯಲಿಲ್ಲ. ಮಾರನೆಯ ದಿನ ಅವನ ಮಂಚಕ್ಕೆ ಎಂಟು ಇಟ್ಟಿಗೆ ತರಿಸಿಕೊಟ್ಟಳು.

ಜುಲೈ ಕೊನೆಯ ವಾರ, ಗಡುವಿಗೆ ಇನ್ನು ಹದಿನೇಳು ದಿನವಿರುವಾಗ, ನ್ಯಾಯಾಲಯದ ಅಪ್ಪಣೆ, ಬ್ಯಾಂಕು ಹುಡುಕಿ ಕೊಟ್ಟ ಪತ್ರ, ಎಲ್ಲ ಕಾಗದಗಳೂ ಸೇರಿದವು. ಒಂದು ಮಾತ್ರ ಉಳಿದಿತ್ತು: ಆ ಮನೆಯಿಂದ ಕಟ್ಟಡಕ್ಕೆ ಬಾಕಿ ಏನೂ ಇಲ್ಲವೆಂಬ ಪತ್ರ. ಅದನ್ನು ಬರೆಯಬೇಕಾದವಳು ಉರೈಯೇ. ಮಾಲೀಕರ ಹೆಸರಿನ ಮುಂದೆ 'ಮೃತ' ಎಂಬ ಪದ ಹಾಕಲು ಅವಳಿಗೆ ಅರ್ಧ ಗಂಟೆ ಬೇಕಾಯಿತು. ಹೆಲ್ಮಿ ಎದುರಿನ ಕುರ್ಚಿಯಲ್ಲೇ ಕುಳಿತಿದ್ದರು. "ಬರಿ ಉರೈ. ಸತ್ಯ ತಾನೆ," ಎಂದರು. ಬರೆದದ್ದನ್ನು ಓದಿ, ತಾವೇ ಲಕೋಟೆಗೆ ಹಾಕಿದರು.

ಭೂ ಕಚೇರಿಯಲ್ಲಿ ಅವರ ಸರದಿ ಬರುವಾಗ ಮಧ್ಯಾಹ್ನದ ಮೇಲಾಗಿತ್ತು. ಅಧಿಕಾರಿ ನಿವೃತ್ತಿಗೆ ಹತ್ತಿರವಾದ ಮನುಷ್ಯ. ಕಾಗದಗಳನ್ನು ಒಂದೊಂದಾಗಿ ತಿರುವಿದ. ಬ್ಯಾಂಕಿನ ಪತ್ರದ ಹತ್ತಿರ ಬಂದಾಗ ನಿಂತ. ಬೆರಳಿಟ್ಟು ಎರಡು ಸಲ ಓದಿದ. ಉರೈ ಹೆಲ್ಮಿಯ ಕೈ ಹಿಡಿದಳೋ, ಹೆಲ್ಮಿ ಅವಳ ಕೈ ಹಿಡಿದರೋ ತಿಳಿಯದು.

"ಇಷ್ಟು ತಡ ಯಾಕೆ ಮಾಡಿದ್ರಿ?" ಎಂದ ಅವನು.

"ನನ್ನ ತಪ್ಪು," ಎಂದಳು ಉರೈ.

"ನನ್ನದೂ," ಎಂದರು ಹೆಲ್ಮಿ.

ಅಧಿಕಾರಿ ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿದ. "ಇಬ್ಬರೂ ಒಪ್ಪಿಕೊಂಡ್ರೆ ನಾನ್ಯಾರಿಗೆ ಬೈಲಿ? ಗಂಡನಿಂದ ಹೆಂಡತಿಗೆ ಬಂದದ್ದು, ಶುಲ್ಕ ಕಡಿಮೆ. ಆ ಕಿಟಕೀಲಿ ಕಟ್ಟಿ ಬನ್ನಿ."

ಕಟ್ಟಿ ಬಂದರು. ಅವನು ಮನೆಯ ಪತ್ರವನ್ನು ಬೋರಲು ಹಾಕಿ, ಹಿಂಬದಿಯ ಗೆರೆಗಳ ಮೇಲೆ ಅಚ್ಚು ಒತ್ತಿದ. ಹೆಲ್ಮಿ ಮುಂದೆ ಬಗ್ಗಿದರು. "ಅವರ ಹೆಸರನ್ನ ಎಲ್ಲಿ ಹೊಡೆದುಹಾಕ್ತೀರಿ?" ಎಂದು ಕೇಳಿದರು. ದನಿ ಸಣ್ಣದಾಗಿತ್ತು.

"ಹೊಡೆದುಹಾಕೋದಾ?" ಅಧಿಕಾರಿಗೆ ಆಶ್ಚರ್ಯವಾಯಿತು. "ಯಾವ ಹೆಸರನ್ನೂ ಹೊಡೆದುಹಾಕಲ್ಲಮ್ಮ. ಕೆಳಗಿನ ಸಾಲಲ್ಲಿ ನಿಮ್ಮದು ಬರೀತೀವಿ, ಅಷ್ಟೇ. ಎಷ್ಟು ಕೈ ಬದಲಾದ್ರೂ ಎಲ್ಲಾ ಹೆಸರೂ ಹಾಗೇ ಇರುತ್ತೆ."

ಪತ್ರವನ್ನು ಅವರ ಕಡೆ ತಿರುಗಿಸಿದ. ಹೆಲ್ಮಿಗೆ ಆ ಲಿಪಿ ಓದಲು ಬರುತ್ತಿರಲಿಲ್ಲ. ಉರೈ ಬೆರಳಿಟ್ಟು ಓದಿದಳು. "ಇಲ್ಲಿ, ಕೊಟ್ಟವರು: ತಾವ್ನೊ. ಇಲ್ಲಿ, ಪಡೆದವರು: ಹೆಲ್ಮಿ."

"ಇನ್ನೊಂದ್ಸಲ ಓದು," ಎಂದರು ಹೆಲ್ಮಿ.

ಉರೈ ಮತ್ತೆ ಓದಿದಳು, ಈ ಸಲ ನಿಧಾನವಾಗಿ. ಹಿಂದೆ ಇನ್ನೂ ಹನ್ನೊಂದು ಜನ ಚೀಟಿ ಹಿಡಿದು ಕಾಯುತ್ತಿದ್ದರು. ಅಧಿಕಾರಿಯ ಬೆರಳು ಮುಂದಿನವರನ್ನು ಕರೆಯುವ ಗಂಟೆಯ ಗುಂಡಿಯ ಮೇಲಿತ್ತು, ಆದರೆ ಅವಳು ಓದಿ ಮುಗಿಸುವವರೆಗೂ ಅವನು ಅದನ್ನು ಒತ್ತಲಿಲ್ಲ.